ಹನ್ನೊಂದರಲ್ಲಿ ಹನ್ನೊಂದನೆಯವರು

ಗಾಜಿನ ಕಾರ್ಖಾನೆ, ಕುಲುಮೆ ವಿಭಾಗ
ಜನವರಿ ೧೨

ತಮ್ಮಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ.

ನಿನ್ನ ಇಂಧನ ಕಚೇರಿಯ ಪಟ್ಟಿ ನಿನ್ನೆಯ ಪೇಪರಿನಲ್ಲಿ ಬಂದಿದೆ. ದೇಶದ ಹನ್ನೊಂದು ಪ್ರಾಂತ್ಯಗಳಲ್ಲಿ ಕರಾವಳಿ ಮೊದಲನೆಯದಂತೆ, ನಮ್ಮ ಉತ್ತರ ಪ್ರಾಂತ್ಯ ಹನ್ನೊಂದನೆಯದಂತೆ. ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ 'ಇಂಧನ ಪೋಲು: ಉತ್ತರದವರದು ಎತ್ತಿದ ಕೈ' ಎಂದು ಹಾಕಿದ್ದಾರೆ. ಯಾರೋ ಪುಣ್ಯಾತ್ಮ ಅದನ್ನು ಕತ್ತರಿಸಿ ಕ್ಯಾಂಟೀನಿನ ಬೋರ್ಡಿಗೆ ಅಂಟಿಸಿ, ಕೆಳಗೆ 'ಕುಲುಮೆ ಮೇಡಂ ಅವರ ತಮ್ಮನ ಉಡುಗೊರೆ' ಎಂದು ಬರೆದಿದ್ದಾನೆ. ಕೈಬರಹ ನೋಡಿದರೆ ಉಗ್ರಾಣದ ಗಡಿಯಾರಪ್ಪನದೇ. ಅವನಿಗೆ ಆಮೇಲೆ ಇದೆ. ಈಗ ನಿನ್ನ ಸರದಿ.

ಏನು ಲೆಕ್ಕವಯ್ಯಾ ಅದು? ಪ್ರಾಂತ್ಯದಲ್ಲಿ ಉರಿದ ಇಂಧನವನ್ನೆಲ್ಲ ಕೂಡಿಸಿ ಅಲ್ಲಿನ ತಲೆಗಳಿಂದ ಭಾಗಿಸಿದ್ದೀರಿ. ನಮ್ಮಲ್ಲಿ ತಲೆ ಕಡಿಮೆ, ಚಳಿ ಜಾಸ್ತಿ, ಅದರ ಮೇಲೆ ಹನ್ನೆರಡು ವರ್ಷದಿಂದ ಒಂದು ಗಳಿಗೆಯೂ ಆರದ ಈ ಕುಲುಮೆ ಬೇರೆ. ಕರಾವಳಿಯವರು ಕಿಟಕಿ ತೆರೆದು ಗಾಳಿಗೆ ಮೈಯೊಡ್ಡಿ ಕೂತರೆ ಅದು ದಕ್ಷತೆ! ಅವರು ಕುಡಿಯುವ ಔಷಧದ ಬಾಟಲಿ ಹುಟ್ಟುವುದು ನಮ್ಮ ಬೆಂಕಿಯಲ್ಲಿ. ಬಾಟಲಿ ಅವರಿಗೆ, ಬೈಗುಳ ನಮಗೆ.

ಇಷ್ಟೇ ಆಗಿದ್ದರೆ ಉಗುಳಿ ಸುಮ್ಮನಾಗುತ್ತಿದ್ದೆ. ಇವತ್ತು ಪ್ರಾಂತ್ಯದ ಕಾರ್ಯದರ್ಶಿ ಕಾರು ಹತ್ತಿಕೊಂಡು ಬಂದಿದ್ದ.

"ಮೇಡಂ, ಈ ಒಂದು ಕುಲುಮೆ ಆರಿಸಿಬಿಟ್ರೆ ನಾವು ಹನ್ನೊಂದರಿಂದ ಸೀದಾ ಏಳಕ್ಕೆ ಏರ್ತೀವಂತೆ."

"ಆರಿಸೋಕೆ ಇದೇನು ಬಚ್ಚಲ ದೀಪಾನಾ ಸಾರ್? ಬಿಸಿ ಇಳಿದ್ರೆ ಒಳಗಿರೋ ಗಾಜು ಕಲ್ಲಾಗುತ್ತೆ, ಇಟ್ಟಿಗೆ ಸೀಳುತ್ತೆ. ಆಮೇಲೆ ಹೊಸದಾಗಿ ಕಟ್ಟಬೇಕು."

"ಕಟ್ಟಲೇಬೇಕು ಅಂತ ಏನಿಲ್ವಲ್ಲ," ಎಂದ. ನಕ್ಕ ಕೂಡ. ಆ ನಗು ನೋಡಿ ನನ್ನ ಹೊಟ್ಟೆ ಉರಿದುಹೋಯಿತು. ಈ ಊರಿನ ಅರ್ಧ ಮನೆಗಳ ಅನ್ನ ಇಲ್ಲಿಂದ ಬರುತ್ತದೆ.

ಪಟ್ಟಿ ತಿದ್ದು. ಫೋನ್ ಮಾಡಬೇಡ. ಫ್ಯಾನುಗಳ ಅಬ್ಬರಕ್ಕೆ ನನ್ನ ಒಂದು ಕಿವಿ ಹೋಗಿ ಎಷ್ಟೋ ಕಾಲವಾಯಿತು, ಇನ್ನೊಂದಕ್ಕೆ ನೀನು "ನೋಡ್ತೀನಕ್ಕ, ನೋಡ್ತೀನಿ" ಎನ್ನುವುದಷ್ಟೇ ಕೇಳಿಸುತ್ತದೆ. ಕಾಗದದಲ್ಲಿ ಉತ್ತರ ಕೊಡು.

ಸಿಟ್ಟಿನಲ್ಲಿರುವ
ನಿನ್ನ ಅಕ್ಕ


ರಾಜಧಾನಿ
ಜನವರಿ ೨೪

ಅಕ್ಕ,

ನಿನ್ನ ಕಾಗದ ಕಚೇರಿಗೇ ಬಂತು. ಜವಾನ ಲಕೋಟೆ ಕೊಡುವಾಗ, "ಸಾರ್, ಯಾರೋ ಸಿಟ್ಟಲ್ಲಿ ಬರ್ದಿರೋ ಹಾಗಿದೆ, ಪೆನ್ನು ಹಿಂದುಗಡೆಗೂ ಒತ್ತಿದೆ" ಎಂದ. ಇನ್ನು ಮೇಲೆ ಮನೆಯ ವಿಳಾಸಕ್ಕೆ ಬರೆ, ಮಾರಾಯ್ತಿ.

'ಪೋಲು' ನನ್ನ ಮಾತಲ್ಲ, ಪೇಪರಿನವರದು. ಚಳಿಯ ಪ್ರಾಂತ್ಯಗಳನ್ನೂ ದೊಡ್ಡ ಕಾರ್ಖಾನೆಗಳಿರುವ ಪ್ರಾಂತ್ಯಗಳನ್ನೂ ಈ ಒಂದೇ ಅಂಕಿಯಿಂದ ಅಳೆಯಬಾರದು ಎಂದು ಪಟ್ಟಿಯ ಅಡಿಯಲ್ಲಿ ನಾನೇ ಬರೆದಿದ್ದೆ, ಸಣ್ಣ ಅಕ್ಷರದಲ್ಲಿ. ಸಣ್ಣ ಅಕ್ಷರ ಯಾರು ಓದುತ್ತಾರೆ? ನನ್ನ ಹೆಂಡತಿಯೇ ಓದಿಲ್ಲ.

ಆದರೆ ಅಕ್ಕನ ಕುಲುಮೆ ಎಂದು ಪಟ್ಟಿ ತಿದ್ದಲಾರೆ. ತಿದ್ದಿದ ಮೇಲೆ ಅದಕ್ಕೂ ರದ್ದಿ ಕಾಗದಕ್ಕೂ ಏನು ವ್ಯತ್ಯಾಸ? ನೀನು ನನಗೆ ಲೆಕ್ಕ ಹೇಳಿಕೊಟ್ಟವಳು. ಉತ್ತರ ತಪ್ಪಾದರೆ ಹೇಳಿಕೊಡದೆ, ಊಟಕ್ಕೂ ಕರೆಯದೆ, ಮತ್ತೆ ಮಾಡು ಎಂದು ಕೂರಿಸುತ್ತಿದ್ದವಳು. ನಿನಗೆ ಇದು ಅರ್ಥವಾಗುತ್ತದೆ.

ಒಂದು ದಾರಿ ಇದೆ. ತಲೆಯ ಲೆಕ್ಕ ಬಿಟ್ಟು ಕೆಲಸದ ಲೆಕ್ಕ ಮಾಡುವುದು. ದೇಶದ ನಾಲ್ಕು ಪ್ರಾಂತ್ಯಗಳಲ್ಲಿ ಗಾಜಿನ ಕುಲುಮೆಗಳಿವೆ. ಒಂದು ಟನ್ ಗಾಜು ಕರಗಿಸಲು ಯಾರು ಎಷ್ಟು ಎಣ್ಣೆ ಸುಡುತ್ತಾರೆ? ಇಂಥ ಪಟ್ಟಿ ಮಾಡಬೇಕೆಂದು ನನಗೆ ಬಹಳ ದಿನದಿಂದ ಆಸೆ. ಗಾಜಿನಿಂದ ಶುರು ಮಾಡಿ ಆಮೇಲೆ ಸಿಮೆಂಟು, ಕಾಗದ, ಎಲ್ಲಕ್ಕೂ. ಉಳಿದ ಮೂರು ಕುಲುಮೆಯವರು ಅಂಕಿ ಕೊಡಲು ಒಪ್ಪಿದ್ದಾರೆ. ನೀನೂ ಕಳಿಸಿದರೆ ನಿನ್ನ ಕಾರ್ಯದರ್ಶಿಗೆ ಸರಿಯಾದ ಉತ್ತರ ಸಿಗುತ್ತದೆ.

ಒಂದೇ ಮಾತು. ಏನು ಬಂದರೂ ಅಚ್ಚಾಗುತ್ತದೆ. ಯೋಚಿಸಿ ಕಳಿಸು.

ನಿನ್ನ ತಮ್ಮ


ಕುಲುಮೆ ವಿಭಾಗ
ಫೆಬ್ರವರಿ ೩

ಪಟ್ಟಿ ಸಾಹೇಬರೇ,

'ಯೋಚಿಸಿ ಕಳಿಸು' ಅಂತೆ! ಯೋಚಿಸುವುದಕ್ಕೆ ನನಗೇನು ಹಾಲಿಗೆ ನೀರು ಬೆರೆಸುವ ವ್ಯಾಪಾರವೇ? ಐದು ವರ್ಷದ ಎಣ್ಣೆ, ಐದು ವರ್ಷದ ಗಾಜು, ಎಲ್ಲದರ ಅಂಕಿ ಈ ಕಾಗದದ ಜೊತೆ ಇದೆ. ಮೊದಲ ಸ್ಥಾನ ಬಂದರೆ ದೊಡ್ಡ ಅಕ್ಷರದಲ್ಲಿ ಹಾಕು. ಎರಡನೆಯದಾದರೆ ಮಾಮೂಲಿ ಅಕ್ಷರ ಸಾಕು, ನಾನು ಅಷ್ಟೇನೂ ಆಸೆಬುರುಕಿಯಲ್ಲ.

ಕಾರ್ಯದರ್ಶಿ ಮತ್ತೆ ಬಂದಿದ್ದ. "ಎರಡು ತಿಂಗಳು ತಡೀರಿ ಸಾರ್. ಹೊಸ ಪಟ್ಟಿ ಬರುತ್ತೆ. ಅದರಲ್ಲಿ ನಮ್ಮ ಕುಲುಮೆ ಕಳಪೆ ಅಂತ ಬಂದ್ರೆ ಆಗ ಮುಚ್ಚೋ ಮಾತಾಡಿ," ಎಂದೆ. ಎಲ್ಲರ ಎದುರಿಗೇ ಹೇಳಿದೆ. ನಮ್ಮವರು ಚಪ್ಪಾಳೆ ತಟ್ಟಿದರು. ಗಡಿಯಾರಪ್ಪ ಬೋರ್ಡಿನ ಮೇಲಿದ್ದ ಹಳೆಯ ಪಟ್ಟಿ ಕಿತ್ತು ಹೊಸದಕ್ಕೆ ಜಾಗ ಮಾಡಿಟ್ಟಿದ್ದಾನೆ. ನಿನ್ನ ಹೆಂಡತಿಗೆ ಹೇಳು, ಸಣ್ಣ ಅಕ್ಷರ ಓದದೆ ಒಳ್ಳೆಯದನ್ನೇ ಮಾಡಿದ್ದಾಳೆ. ಮನೆಯಲ್ಲಿ ಒಬ್ಬರಿಗಾದರೂ ಕಣ್ಣು ಚೆನ್ನಾಗಿರಲಿ.

ಗೆಲ್ಲಲಿರುವ
ಅಕ್ಕ


ರಾಜಧಾನಿ
ಫೆಬ್ರವರಿ ೨೬

ಅಕ್ಕ,

ಇದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ನೇರವಾಗಿಯೇ ಬರೆಯುತ್ತೇನೆ.

ನಾಲ್ಕರಲ್ಲಿ ನಾಲ್ಕನೆಯದು.

ಎಲ್ಲೋ ತಪ್ಪಿರಬೇಕೆಂದು ಮತ್ತೆ ಮತ್ತೆ ಮಾಡಿದೆ. ತಪ್ಪಿರಲಿ ದೇವರೇ ಎಂದುಕೊಂಡೇ ಮಾಡಿದೆ. ಮೊದಲ ಸ್ಥಾನದಲ್ಲಿರುವ ದಕ್ಷಿಣದ ಕುಲುಮೆ ಮೂರು ಪಾಲು ಎಣ್ಣೆಯಲ್ಲಿ ಮಾಡುವ ಕೆಲಸಕ್ಕೆ ನಿನ್ನ ಕುಲುಮೆ ಐದು ಪಾಲು ಕುಡಿಯುತ್ತಿದೆ. ಅವರದೇನೂ ಹೊಸದಲ್ಲ, ನಿನ್ನದಕ್ಕಿಂತ ಎರಡು ವರ್ಷ ಚಿಕ್ಕದು ಅಷ್ಟೆ. ಚಳಿಯ ನೆಪವೂ ಸಿಗುವುದಿಲ್ಲ. ಒಳಗೆ ಅಷ್ಟು ಬೆಂಕಿ ಇರುವಾಗ ಹೊರಗಿನ ಚಳಿ ಯಾವ ಲೆಕ್ಕ?

ನಿನ್ನ ಬಗ್ಗೆ ನನಗಿರುವ ಹೆಮ್ಮೆ ಸಾಸಿವೆಯಷ್ಟೂ ಕಡಿಮೆಯಾಗಿಲ್ಲ. ಆದರೆ ನೀನು ಎಲ್ಲರ ಎದುರಿಗೆ ಕೊಟ್ಟ ಮಾತು ನನ್ನಿಂದಾಗಿ ನಿನ್ನ ಕುತ್ತಿಗೆಗೇ ಬಂತು.

ಮುಂದಿನ ತಿಂಗಳ ಮಧ್ಯದಲ್ಲಿ ಅಚ್ಚಾಗುತ್ತದೆ. ನೀನು ಪೇಪರಿನಲ್ಲಿ ನೋಡುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆದೆ.

ತಮ್ಮ


ರಾಜಧಾನಿ
ಮಾರ್ಚ್ ೨೯

ಅಕ್ಕ,

ಒಂದು ತಿಂಗಳಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಫೋನ್ ಮಾಡಿದರೆ ಗಡಿಯಾರಪ್ಪ ಎತ್ತಿಕೊಂಡು, "ಮೇಡಂ ಇಲ್ಲ" ಎಂದು ಇಟ್ಟುಬಿಟ್ಟ. ಪಾಪ, ಅವನ ಧ್ವನಿಯೂ ಸರಿ ಇರಲಿಲ್ಲ.

ಪಟ್ಟಿ ಅಚ್ಚಾಗಿದೆ. ಕುಲುಮೆ ಮುಚ್ಚಬಹುದೇ ಎಂದು ನಿಮ್ಮ ಕಾರ್ಯದರ್ಶಿ ನಮ್ಮ ಕಚೇರಿಯ ಅಭಿಪ್ರಾಯ ಕೇಳಿದ್ದಾರೆ. ಆ ಕಡತ ಬಂದು ಕೂತಿರುವುದು ನನ್ನದೇ ಮೇಜಿನ ಮೇಲೆ. ಊಟ ರುಚಿಸುತ್ತಿಲ್ಲ.

ಏನಾದರೂ ಬರೆ. ಬೈದಾದರೂ ಬರೆ.

ತಮ್ಮ


ಕುಲುಮೆ ವಿಭಾಗ
ಏಪ್ರಿಲ್ ೯

ಲೋ ತಮ್ಮಾ,

ಬೈಗುಳ ಕೇಳಿದ್ದೀಯ, ಮೊದಲು ಅದನ್ನೇ ಕೊಡುತ್ತೇನೆ. ನೀನು ಮಹಾ ಪೆದ್ದ. ಅಕ್ಕ ಮುಸುಕು ಹೊದ್ದು ಮಲಗಿದ್ದಾಳೆ ಎಂದುಕೊಂಡೆಯಾ? ಮೊದಲ ಎರಡು ದಿನ ಮಲಗಿದ್ದು ನಿಜ. ಆಮೇಲೆ ರಜೆ ಹಾಕಿ, ದಕ್ಷಿಣದವರ ಕಳ್ಳಲೆಕ್ಕ ಹಿಡಿಯಲು ರೈಲು ಹತ್ತಿದೆ.

ಅಲ್ಲಿನ ಕುಲುಮೆಯ ಮುಖ್ಯಸ್ಥ ನನಗಿಂತ ಬಹಳ ಚಿಕ್ಕವನು, ತಲೆ ಮಾತ್ರ ಪೂರ್ತಿ ಬೋಳು. "ಬನ್ನಿ ಅಕ್ಕಾವ್ರೇ, ಏನು ಬೇಕಾದ್ರೂ ನೋಡಿ, ಎಲ್ಲಿ ಬೇಕಾದ್ರೂ ತೂರಿ" ಎಂದ. ತೂರಿದೆ. ಎಣ್ಣೆಯ ಮೀಟರು ನೋಡಿದೆ, ಗಾಜಿನ ತೂಕ ನೋಡಿದೆ, ಒಂದು ವಾರ ಅವರ ಜೊತೆಗೇ ಪಾಳಿ ಮಾಡಿದೆ. ಒಂದು ಲೋಟದಷ್ಟು ಮೋಸ ಸಿಕ್ಕಿದ್ದರೂ ಅಲ್ಲೇ ಕುಣಿದಾಡಿಬಿಡುತ್ತಿದ್ದೆ. ಸಿಗಲಿಲ್ಲ.

ಕೊನೆಯ ದಿನ ಊಟದ ಹೊತ್ತಿಗೆ, ಅಭ್ಯಾಸಬಲ ನೋಡು, ಡಬ್ಬಿ ಹಿಡಿದು ಹೊಗೆಗೂಡಿನ ಹಿಂದಕ್ಕೆ ಹೋಗಿ ಗೋಡೆಗೆ ಬೆನ್ನು ಕೊಟ್ಟೆ. ತಣ್ಣಗಿತ್ತು. ಕೈಯಿಟ್ಟು ನೋಡಿದೆ, ಕೆನ್ನೆಯಿಟ್ಟು ನೋಡಿದೆ. ನಮ್ಮ ಮನೆಯ ಅಡುಗೆಮನೆ ಗೋಡೆಯ ಹಾಗೆ ತಣ್ಣಗಿತ್ತು.

ನಮ್ಮ ಗೋಡೆ ನಿನಗೆ ನೆನಪಿರಬೇಕು. ಬೆಂಕಿಯ ಹೊಗೆ ಚಿಮಣಿಗೆ ಹೋಗುವ ಮೊದಲು, ತನ್ನ ಬಿಸಿಯನ್ನು ಕುಲುಮೆಗೆ ಹೋಗುವ ಗಾಳಿಗೆ ಬಿಟ್ಟುಕೊಡಲು, ಇಟ್ಟಿಗೆಯ ಗೂಡಿನೊಳಗೆ ಹಾಯುತ್ತದಲ್ಲ, ಅದರ ಹಿಂಗೋಡೆ. ಅದರ ಪಕ್ಕ ಬೆಂಚು ಹಾಕಿಕೊಂಡಿದ್ದೇವೆ. ಒದ್ದೆ ಕಾಲುಚೀಲ ಅಲ್ಲಿ ಒಣಗುತ್ತವೆ, ಊಟದ ಡಬ್ಬಿ ಅಲ್ಲಿ ಬಿಸಿಯಾಗುತ್ತವೆ. ನಿವೃತ್ತರಾದ ಮುದುಕರೆಲ್ಲ ಮಧ್ಯಾಹ್ನ ಅಲ್ಲಿಗೇ ಬಂದು ಬೆನ್ನು ಕಾಯಿಸುತ್ತ ಕೂರುತ್ತಾರೆ. ಕೆಲಸಕ್ಕೆ ಹೊಸಬರು ಸೇರಿದರೆ ಮೊದಲು ಅಲ್ಲಿಗೇ ಕರೆದೊಯ್ದು, "ಮುಟ್ಟಿ ನೋಡು, ಇದು ನಮ್ಮ ಕಾರ್ಖಾನೆಯ ಮನಸ್ಸು" ಎನ್ನುತ್ತಿದ್ದೆ. ಬೆಂಕಿ ಆರಿಸದೆ ಹೊರಗಿನಿಂದ ಮಾಡುವ ರಿಪೇರಿ ಬಂದಾಗಲೆಲ್ಲ ಎಲ್ಲರದೂ ಒಂದೇ ಹಟ, ಎಲ್ಲಿ ಬೇಕಾದರೂ ಇಟ್ಟಿಗೆ ಕಟ್ಟಿ, ಈ ಗೋಡೆ ಮಾತ್ರ ಮುಟ್ಟಬೇಡಿ. ಊರೆಲ್ಲ ಸೇರಿ ಪ್ರೀತಿಯಿಂದ ಕಾಪಾಡಿದ್ದು ಒಂದು ತೂತನ್ನು, ತಮ್ಮಾ. ಗಾಜಿಗೆ ಸೇರಬೇಕಾದ ಬಿಸಿಯಲ್ಲಿ ನಾವು ಕಾಲುಚೀಲ ಒಣಗಿಸುತ್ತಿದ್ದೆವು. ಆ ಬೋಳುತಲೆಯ ಎದುರಿಗೆ ನಗಬೇಕೋ ಅಳಬೇಕೋ ತಿಳಿಯದೆ ಜೋರಾಗಿ ನಕ್ಕುಬಿಟ್ಟೆ. ಅವನು ಗಾಬರಿಯಾಗಿ ನೀರು ತರಿಸಿದ.

ಈಗ ಕೇಳು. ನಮ್ಮ ಕುಲುಮೆಗೆ ವಯಸ್ಸಾಗಿದೆ, ಹೇಗೂ ಒಂದೆರಡು ವರ್ಷದಲ್ಲಿ ಕಟ್ಟಿಸಬೇಕಿತ್ತು. ಮುಂದಿನ ತಿಂಗಳೇ ಆರಿಸುತ್ತೇನೆ. ಗೂಡಿಗೆ ದಪ್ಪ ಗೋಡೆ, ಅದರ ಮೇಲೆ ಬಿಸಿ ತಡೆಯುವ ಇಟ್ಟಿಗೆಯ ಇನ್ನೊಂದು ಸುತ್ತು. ಅವರ ಹಾಗೆ ಕರಗಿಸುವ ಮಾಲಿನಲ್ಲಿ ಅರ್ಧ ಪಾಲು ಬಾಟಲಿ ಚೂರುಗಳನ್ನೇ ಹಾಕಿದರೆ ಬೇಗ ಕರಗುತ್ತದೆ, ಅದನ್ನೂ ಮಾಡುತ್ತೇನೆ. ಕಟ್ಟುವುದಕ್ಕೆ ಕಾರ್ಖಾನೆಯವರ ಒಪ್ಪಿಗೆ ಇದೆ. ಹಚ್ಚುವುದಕ್ಕೆ ಕಾರ್ಯದರ್ಶಿಯ ಸಹಿ ಬೇರೆಯಾಗಿ ಬೇಕು, ಅದನ್ನು ಆಮೇಲೆ ಪಡೆಯುತ್ತೇನೆ.

ಆತ್ಮವಿಶ್ವಾಸ ಕಡಿಮೆಯಾಗದ
ಅಕ್ಕ


ರಾಜಧಾನಿ
ಏಪ್ರಿಲ್ ೧೮

ಅಕ್ಕ,

ಬೇಡ. ದಮ್ಮಯ್ಯ, ಆರಿಸಬೇಡ.

ಬೆಂಕಿ ಉರಿಯುತ್ತಿರುವವರೆಗೆ ಅದನ್ನು ಮುಚ್ಚಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ನೀನೇ ಆರಿಸಿಕೊಟ್ಟರೆ ಕಾರ್ಯದರ್ಶಿ ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಪೆನ್ನು ಜೇಬಿನಲ್ಲಿಟ್ಟುಕೊಂಡರೆ ಸಾಕು. ಕುಲುಮೆ ಸತ್ತ ಹಾಗೆಯೇ. ಮೊದಲು ಹಚ್ಚುವ ಸಹಿ ಹಾಕಿಸಿಕೊ, ಆಮೇಲೆ ಆರಿಸು.

ಇನ್ನೊಂದು ವಿಷಯ. ಕುಲುಮೆಯ ಮುಖ್ಯಸ್ಥೆ ನನ್ನ ಸ್ವಂತ ಅಕ್ಕ ಎಂದು ನಮ್ಮ ನಿರ್ದೇಶಕರಿಗೆ ಹೇಳಿದೆ. ಹೇಳದೆ ಅಭಿಪ್ರಾಯ ಬರೆಯುವುದು ನನ್ನಿಂದ ಆಗಲಿಲ್ಲ. ಕಡತ ನನ್ನ ಕೈ ತಪ್ಪಿತು. ಈಗ ಅದು ಇರುವುದು ಎದುರಿನ ಮೇಜಿನ ಕತ್ತರಿ ಮೇಡಂ ಹತ್ತಿರ. ಯಾರ ಅಂಕಿಯನ್ನೂ ಕತ್ತರಿಸದೆ ಬಿಟ್ಟವರಲ್ಲ, ಅದಕ್ಕೇ ಆ ಹೆಸರು. ಇನ್ನು ಒಳಗಿನಿಂದ ನಿನಗೆ ಒಂದು ಕಡ್ಡಿಯಷ್ಟೂ ಸಹಾಯ ಮಾಡಲಾರೆ.

ಭಯವಾಗುತ್ತಿದೆ ಅಕ್ಕ. ಎಲ್ಲ ಶುರುವಾಗಿದ್ದು ನನ್ನ ಪಟ್ಟಿಯಿಂದ.

ತಮ್ಮ


ಕುಲುಮೆ ವಿಭಾಗ
ಜೂನ್ ೨

ತಮ್ಮಾ,

ಆರಿಸಿದೆ.

ಸಹಿಗೆ ಕಾಯುತ್ತ ಕೂತಿದ್ದರೆ ಅವನು ಈ ಜನ್ಮದಲ್ಲಿ ಹಾಕುತ್ತಿರಲಿಲ್ಲ, ಕಳಪೆ ಕುಲುಮೆಗೆ ಯಾಕೆ ಹಾಕಬೇಕು ಹೇಳು. ಹಾಗೇ ಉರಿಸಿಕೊಂಡಿದ್ದರೆ ಮುಂದಿನ ಪಟ್ಟಿಯಲ್ಲೂ ಕೊನೆಯದು, ಅದರ ಮುಂದಿನದರಲ್ಲೂ ಕೊನೆಯದು. ಹಾಗೆ ಬದುಕಿಸಿಕೊಂಡು ಏನು ಮಾಡಲಿ?

ಗಾಜನ್ನೆಲ್ಲ ಹೊರಗೆ ಹರಿಸಿ, ಉರಿ ನಿಲ್ಲಿಸಿ, ಫ್ಯಾನುಗಳನ್ನು ಒಂದೊಂದಾಗಿ ಬಂದ್ ಮಾಡಿದೆವು. ಮನೆಗಳಿಂದಲೂ ಜನ ಬಂದು ಅಂಗಳದಲ್ಲಿ ನಿಂತಿದ್ದರು. ಒಬ್ಬರು ಮುದುಕರು ಗೋಡೆಯ ಮೇಲೆ ಕೈಯಿಟ್ಟುಕೊಂಡು ಅದು ತಣ್ಣಗಾಗುವವರೆಗೂ ಕೂತರು. ನನ್ನನ್ನು ನೋಡಿ, "ಆರಿಸಿಬಿಟ್ಯಲ್ಲಮ್ಮಾ" ಎಂದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಮೂಗು ಒರೆಸಿಕೊಂಡು ಹಳೆಯ ಇಟ್ಟಿಗೆ ಕೀಳಿಸಲು ಹೊರಟೆ.

ಮೊನ್ನೆ ಕಾರ್ಯದರ್ಶಿ ಬಂದ. ಅರ್ಧ ಕಟ್ಟಿದ ಗೂಡನ್ನು ನೋಡಿ, "ಆರಿದ್ದು ಆಯ್ತಲ್ಲ ಮೇಡಂ, ಹೀಗೇ ಬಿಟ್ಬಿಡೋಣ. ಈ ವರ್ಷ ನಮಗೆ ಏಳನೇ ಸ್ಥಾನ ಗ್ಯಾರಂಟಿ," ಎಂದ. ನೀನು ಬರೆದ ಹಾಗೆಯೇ ಪೆನ್ನು ಜೇಬಿನಲ್ಲೇ ಇತ್ತು.

"ಇಲ್ಲಿ ಕೇಳಿ ಸಾರ್. ಹಚ್ಚೋಕೆ ಸಹಿ ಹಾಕಿ. ಮುಂದಿನ ಪಟ್ಟಿಯಲ್ಲೂ ನಾವು ನಾಲ್ಕನೆಯವರೇ ಆದ್ರೆ ನೀವು ಬರೋ ಅಗತ್ಯ ಇಲ್ಲ, ನಾನೇ ಆರಿಸಿ ಬೀಗದ ಕೈ ತಂದು ನಿಮ್ಮ ಮೇಜಿನ ಮೇಲಿಡ್ತೀನಿ."

"ಇಂಧನ ಕಚೇರಿ ಏನು ಹೇಳುತ್ತೋ ನೋಡೋಣ," ಎಂದು ಕಾರು ಹತ್ತಿದ.

ನಿನ್ನ ಕತ್ತರಿ ಮೇಡಂ ಇವತ್ತು ಬಂದಿದ್ದರು. ಒಬ್ಬರೇ, ಒಂದು ಅಳತೆಪಟ್ಟಿ ಹಿಡಿದುಕೊಂಡು. ನಮಸ್ಕಾರಕ್ಕೆ ಪ್ರತಿನಮಸ್ಕಾರವೂ ಇಲ್ಲ. "ಒಳಗೆ ಹೋಗಬೇಕು" ಎಂದರು. ದಾರಿ ತುಂಬ ಇಟ್ಟಿಗೆ ಪುಡಿ, ಬೂದಿ ಇತ್ತು, ಪೊರಕೆ ಕೊಟ್ಟು "ಗುಡಿಸ್ಕೊಂಡು ಹೋಗಿ" ಎಂದೆ. ನನ್ನನ್ನೊಮ್ಮೆ ನೋಡಿ ಪೊರಕೆ ತೆಗೆದುಕೊಂಡರು. ಹೊರಗೆ ಬಂದಾಗ ಮೈಯೆಲ್ಲ ಬೂದಿ, ಕೂದಲಿಂದ ಹಿಡಿದು ಚಪ್ಪಲಿಯವರೆಗೆ. ಹಾಗೇ ರೈಲಿಗೆ ಹೋದರು. ಅವರ ಮುಖದಿಂದ ಏನನ್ನೂ ಓದಲಾಗಲಿಲ್ಲ.

ಬೂದಿ ಹೊತ್ತ
ಅಕ್ಕ


ರಾಜಧಾನಿ
ಜೂನ್ ೨೭

ಅಕ್ಕ, ಅಕ್ಕ, ಅಕ್ಕ,

ಕತ್ತರಿ ಮೇಡಂ ಅಭಿಪ್ರಾಯ ಬರೆದು ಮುಗಿಸಿದ್ದಾರೆ. ಕಳಿಸಿದ ಮೇಲೆಯೇ ಪ್ರತಿಯನ್ನು ನನ್ನ ಮೇಜಿನ ಮೇಲೆ ಎಸೆದು, "ನಿಮ್ಮಕ್ಕ ನನ್ನ ಕೈಲಿ ಕಸ ಗುಡಿಸಿದ್ರು" ಎಂದು ಹೇಳಿ ಚಹಾಕ್ಕೆ ಹೋದರು. ಅದರಲ್ಲಿರುವುದು ಇಷ್ಟು:

'ಈ ಕುಲುಮೆ ಮುಚ್ಚಿದರೆ ಪ್ರಾಂತ್ಯ ಪಟ್ಟಿಯಲ್ಲಿ ಮೇಲೇರುತ್ತದೆ. ಹೊಸ ಗೋಡೆ ಬಿಸಿ ತಡೆದರೆ, ಮುಚ್ಚುವುದರಿಂದ ದೇಶ ಸುಡುವ ಎಣ್ಣೆ ಇಳಿಯುವುದಿಲ್ಲ. ಅದೇ ಗಾಜು ಬೇರೆ ಪ್ರಾಂತ್ಯದಲ್ಲಿ ಕರಗಬೇಕು, ಲಾರಿಯಲ್ಲಿ ಉತ್ತರಕ್ಕೆ ಬರಬೇಕು. ಹೊಸ ಗೋಡೆಯ ದಪ್ಪವನ್ನು ನಾನೇ ಅಳೆದಿದ್ದೇನೆ, ಸರಿಯಾಗಿದೆ. ಒಂದು ಪಟ್ಟಿಯ ಅವಧಿಗೆ ಉರಿಸಿ ನೋಡಬಹುದು. ಆಗಲೂ ಕೊನೆಯದಾದರೆ ಮುಚ್ಚಬೇಕು.'

ನಾನು ಬರೆದಿದ್ದರೆ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ. ಬೇಡಿಕೊಂಡು ಬರೆಯುತ್ತಿದ್ದೆನೇನೋ. ಇದರ ಮೇಲೆ ನಿಮ್ಮ ಕಾರ್ಯದರ್ಶಿ ಸಹಿ ಹಾಕದೆ ಬೇರೆ ದಾರಿಯಿಲ್ಲ.

ಇನ್ನು ನೀನುಂಟು, ನಿನ್ನ ಬೆಂಕಿಯುಂಟು. ನಾನು ಮತ್ತೆ ಊಟ ಮಾಡುತ್ತಿದ್ದೇನೆ.

ನಿನ್ನ ತಮ್ಮ


ಕುಲುಮೆ ವಿಭಾಗ
ಫೆಬ್ರವರಿ ೧೯

ತಮ್ಮಾ,

ಪಟ್ಟಿ ಬರುವ ದಿನ ನಿನಗೆ ಫೋನ್ ಮಾಡುವ ಆಸೆಯನ್ನು ಹಲ್ಲು ಕಚ್ಚಿ ತಡೆದುಕೊಂಡೆ. ನಿನ್ನಿಂದ ಒಂದು ಗಳಿಗೆ ಮೊದಲು ತಿಳಿದರೂ ಅದು ನನ್ನ ಗೆಲುವಾಗುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ನಿಂತುಕೊಂಡೆ. ಓದಲು ಗಡಿಯಾರಪ್ಪನಿಗೆ ಹೇಳಿದೆವು. ಅವನು ಕನ್ನಡಕ ಹುಡುಕುವಷ್ಟರಲ್ಲಿ ಅರ್ಧ ಜನಕ್ಕೆ ಜೀವ ಹೋಗಿತ್ತು.

ನಾಲ್ಕರಲ್ಲಿ ಎರಡನೆಯವರು! ಬೋಳುತಲೆಗೂ ನಮಗೂ ಕೂದಲೆಳೆಯ ಅಂತರ. ಅವನು ಆಗಲೇ ತಂತಿ ಕಳಿಸಿದ್ದಾನೆ, 'ಅಕ್ಕಾವ್ರೇ, ಯಾಕೋ ನಿಮಗೆ ಎಲ್ಲ ತೋರಿಸಿ ತಪ್ಪು ಮಾಡಿದೆ' ಎಂದು. ಕೂಗಾಟಕ್ಕೆ ನನ್ನ ಕಿವುಡು ಕಿವಿಯೂ ಗುಯ್ ಎಂದಿತು. ಎಲ್ಲ ತಣ್ಣಗಾದ ಮೇಲೆ ಗಡಿಯಾರಪ್ಪ ಪ್ರಾಂತ್ಯಗಳ ಪಟ್ಟಿಯನ್ನೂ ಓದಿದ. ಅದರಲ್ಲಿ ನಾವು ಈ ವರ್ಷವೂ ಹನ್ನೊಂದರಲ್ಲಿ ಹನ್ನೊಂದನೆಯವರು. ಅದಕ್ಕೂ ಚಪ್ಪಾಳೆ ಬಿತ್ತು. ಕಾರ್ಯದರ್ಶಿಯ ಕಾರು ಈ ಕಡೆ ಬಂದಿಲ್ಲ.

ಈ ಸಲದ ಚಳಿ ಹಿಂದೆಂದೂ ಕಂಡಿದ್ದಲ್ಲ. ಎಲ್ಲರೂ ನನ್ನನ್ನು ಬೈಯುತ್ತಿದ್ದಾರೆ. ಕಾಲುಚೀಲ ಒಣಗುತ್ತಿಲ್ಲ, ಡಬ್ಬಿಯ ಅನ್ನ ಕಲ್ಲಾಗುತ್ತದೆ, ಮುದುಕರಿಗೆ ಕೂರಲು ಬೇರೆ ಕೋಣೆ ಮಾಡಿಸಿ ಒಂದು ಸಣ್ಣ ಹೀಟರು ಇಡಿಸಿದ್ದೇನೆ, ಅದಕ್ಕೂ ಸಮಾಧಾನವಿಲ್ಲ. ಇವತ್ತು ಪಾಳಿ ಮುಗಿದ ಮೇಲೆ ಒಬ್ಬಳೇ ಗೂಡಿನ ಹಿಂದೆ ಹೋದೆ. ಗೋಡೆಯ ಆ ಕಡೆ ಕಬ್ಬಿಣವೂ ಕರಗುವಂಥ ಬೆಂಕಿ. ಈ ಕಡೆ ನಾನು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಗಡಗಡ ನಡುಗುತ್ತ ನಿಂತಿದ್ದೆ. ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ, ತಮ್ಮಾ.

ಹೆಂಡತಿಯನ್ನು ಕರೆದುಕೊಂಡು ಬಾ, ತೋರಿಸುತ್ತೇನೆ. ಸ್ವೆಟರ್ ಮರೆಯಬೇಡ.

ನಿನ್ನ ಅಕ್ಕ